ಸೋದರಮಾವನ ನುಡಿ ಪತ್ತೆಯಾದ ಬಗ್ಗೆ

ಇದುವರೆಗೆ ಕಚೇರಿಯ ಪತ್ರಗಳನ್ನಲ್ಲದೆ ಬೇರೇನನ್ನೂ ಬರೆದವನಲ್ಲವಾದ್ದರಿಂದ, ಈ ಬರಹದಲ್ಲಿ ಲೋಪಗಳು ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಮೊದಲಿಗೇ ಕೋರುತ್ತೇನೆ.

ಒಂಟಿಕೊಪ್ಪಲಿನಲ್ಲಿರುವ ನನ್ನ ಅಕ್ಕನ ಮಗಳ ಮದುವೆ ನಿಶ್ಚಯವಾಗಿತ್ತು. ನಮ್ಮ ಕಡೆ ಚಪ್ಪರದ ದಿನ ಹೆಂಗಸರು ಸೋಬಾನೆ ಪದ ಹೇಳುತ್ತಾರೆ. ಅದರಲ್ಲಿ ಒಬ್ಬೊಬ್ಬ ನೆಂಟರಿಗೂ ಒಂದೊಂದು ನುಡಿ ಇದ್ದು, ಆ ನುಡಿ ಬಂದಾಗ ಅವರು ತಮ್ಮ ಕೆಲಸ ಮಾಡತಕ್ಕದ್ದು. ಸೋದರಮಾವನ ಕೆಲಸ ಚಪ್ಪರದ ಮೊದಲ ಹಸಿಕಂಬವಾದ ಹಾಲುಗಂಬ ನೆಡುವುದು, ಅಂದರೆ ನನ್ನದು. ಸದರಿ ಪದವನ್ನು ಬಲ್ಲವರು ನಮ್ಮ ಅವ್ವ ಹಾಗೂ ಚಿಕ್ಕವ್ವ ಇಬ್ಬರೇ. ಚಿಕ್ಕವ್ವ ಹೋದ ವರ್ಷ ತೀರಿಕೊಂಡರು. ಸೋದರಮಾವನ ನುಡಿ ಯಾವಾಗಲೂ ಅವರ ಪಾಲಿಗೇ ಬರುತ್ತಿದ್ದುದರಿಂದ, ಅವ್ವನಿಗೆ ಅದೊಂದೇ ನೆನಪಾಗಲಿಲ್ಲ.

"ಅರ್ಧ ಪದ ಹೇಳಿ ನೆಂಟರ ಮುಂದೆ ನಗೆಪಾಟಲಾಗೋಕಿಂತ ಮೈಕಲ್ಲಿ ಏನಾರ ಹಾಕ್ಬುಡ್ರಿ. ನಾನು ಬಾಯಿ ತೆಗಿಯಕಿಲ್ಲ," ಎಂದು ಅವ್ವ ತೀರ್ಮಾನಿಸಿದರು. ಚಪ್ಪರಕ್ಕೆ ನಾಲ್ಕು ದಿನ ಉಳಿದಿತ್ತು.

ಆಗ ನಾನು ಮೊಬೈಲು ತೆಗೆದು, ಹುಡುಕುವ ಜಾಗದಲ್ಲಿ "ಸೋದರಮಾವನ ನುಡಿಯುಳ್ಳ ಸೋಬಾನೆ ಪದವನ್ನು ಒದಗಿಸಿಕೊಡುವಂತೆ ಕೋರಿ" ಎಂದು ಬರೆದೆ. ಏನೂ ಬರಲಿಲ್ಲ. ಪಕ್ಕದಲ್ಲಿದ್ದ ಮದುಮಗಳು ಇಣುಕಿ ನಕ್ಕಳು.

"ಮಾವ, ಅದರೊಳಗೆ ಯಾವ ಸಾಹೇಬ್ರೂ ಕೂತಿಲ್ಲ. ಅರ್ಜಿ ಬೇಡ ಕಣ್ರೀ. ಹ್ಯಾಶ್‌ಟ್ಯಾಗ್ ಹಾಕಿ, ಸೋಬಾನೆಪದ ಅಂತ ಸೇರಿಸಿ ಬರೀರಿ, ಸಾಕು."

ನಾಲ್ಕು ಗೆರೆಗಳ ಆ ಗುರುತನ್ನು ಹಾಕಿ ಹಾಗೆಯೇ ಬರೆದೆ. ಒಂದರ ಕೆಳಗೊಂದು ವಿಡಿಯೋಗಳು ತೆರೆದುಕೊಂಡವು. ಇಪ್ಪತ್ತಾರು ವರ್ಷ ತಪಾಲು ವಿಂಗಡಿಸಿದವನು ನಾನು. ಒಂದು ಕಡತ ಪಕ್ಕದ ಮೇಜಿಗೆ ಹೋಗಲು ಎಷ್ಟು ದಿನ ಬೇಕೆಂಬುದನ್ನು ಬಲ್ಲೆ. ಇಲ್ಲಿಯಾದರೋ ಯಾರೂ ಆದೇಶಿಸದೆ, ಒಬ್ಬರನ್ನೊಬ್ಬರು ಕಾಣದ ಹೆಂಗಸರು ಒಂದೇ ಗುರುತಿನ ಕೆಳಗೆ ತಂತಮ್ಮ ಪದಗಳನ್ನು ತಂದಿರಿಸಿದ್ದರು. ಒಬ್ಬರು ಅಕ್ಕಿ ಕೇರುತ್ತಾ ಹಾಡುತ್ತಿದ್ದರು. ಇನ್ನೊಬ್ಬರ ಹಿಂದೆ ಕುಕ್ಕರ್ ಕೂಗುತ್ತಿತ್ತು.

ವಿದ್ಯಾರಣ್ಯಪುರಂನ ಒಂದು ಚಪ್ಪರದ ವಿಡಿಯೋ ಬಂದಾಗ, ಅವರೆಕಾಯಿ ಸುಲಿಯುತ್ತಿದ್ದ ಅವ್ವ ತಲೆಯೆತ್ತಿದರು.

"ನಮ್ದೇ ಪದ ಕಣೋ ಇದು!"

ವಿಡಿಯೋದಾಕೆ ಅಜ್ಜಿಯ ನುಡಿ ಮುಗಿಸಿ ನೇರವಾಗಿ ಅತ್ತೆಯ ನುಡಿಗೆ ಹೋದರು. ಅವ್ವ ಎದ್ದೇ ನಿಂತರು.

"ಅಯ್ಯೋ, ಸೋದರಮಾವನ್ನೇ ಬುಟ್ಬುಟ್ಲಲ್ಲಾ! ಅವನು ಬರದೆ ಅತ್ತೆ ಎಂಗೆ ಬಂದಾಳು?" ಎಂದವರು ಬೈಯುವ ದನಿಯಲ್ಲೇ ಹಾಡತೊಡಗಿದರು: "ಹೆಗಲ ಮೇಲೆ ಹಸಿಕಂಬ ಹೊತ್ತು ನಿಂತವನೆ, ಬಾರಯ್ಯ ಮಾವ ಒಳಗೆ ಬಾ..."

ನುಡಿ ಪೂರ್ತಿ ಬಂದಿತು. ಮುಗಿದ ಮೇಲೆ ಅವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡು ನಮ್ಮನ್ನು ನೋಡಿದರು.

ಮದುಮಗಳು ಮತ್ತೊಮ್ಮೆ ಹಾಡಿಸಿ ರೆಕಾರ್ಡ್ ಮಾಡಿ, ಅದೇ ಗುರುತಿನೊಂದಿಗೆ ಹಾಕಿ, ಆ ಹೆಂಗಸಿಗೂ ಕಳುಹಿಸಿದಳು. ಅವರೆಕಾಯಿ ಮುಗಿಯುವುದರೊಳಗೆ ಉತ್ತರ ಬಂದಿತು.

"ಅಮ್ಮಾ, ಅದು ನನ್ನ ಮಗಳ ಚಪ್ಪರ. ನನಗೆ ಅಣ್ಣತಮ್ಮಂದಿರಿಲ್ಲ. ಅದಕ್ಕೇ ಆ ನುಡಿ ಯಾರೂ ನನಗೆ ಕಲಿಸಲಿಲ್ಲ. ನನ್ನ ಮಗಳಿಗೊಬ್ಬ ತಮ್ಮ ಇದ್ದಾನೆ. ಈಗ ಕಲಿತಿಟ್ಟುಕೊಳ್ಳಲಾ?"

ಓದಿ ಹೇಳಿದಾಗ ಅವ್ವ ಕೈಯಲ್ಲಿದ್ದ ಅವರೆಕಾಯಿಯನ್ನು ಕೆಳಗಿಟ್ಟರು.

"ಗೊತ್ತಿಲ್ದೆ ಬೈದ್ಬುಟ್ಟೆ ಕಣವ್ವ," ಎಂದರು ಮೊಮ್ಮಗಳಿಗೆ. "ಕಲ್ತ್ಕೊಳ್ಳಲಿ ಅಂತ ಬರಿ. ನಿಧಾನವಾಗಿ ಇನ್ನೊಂದ್ಸಲ ಹೇಳ್ತೀನಿ, ಅದನ್ನ ಕಳ್ಸು."

ಚಪ್ಪರದ ದಿನ ಹಾಲುಗಂಬ ಹೊತ್ತು ಬಾಗಿಲ ಮುಂದೆ ನಿಂತಿದ್ದೆ. ಅವ್ವ ಅಜ್ಜಿಯ ನುಡಿ ಮುಗಿಸಿ, ಉಸಿರೆಳೆದುಕೊಂಡು, ನನ್ನನ್ನು ಒಳಗೆ ಕರೆದರು. ಹೋಗಿ ಕಂಬ ನೆಟ್ಟೆನೆಂದು ಈ ಮೂಲಕ ನಿವೇದಿಸಿಕೊಳ್ಳುತ್ತೇನೆ.