ಮೇಲಿನ ಮಹಡಿಯ ಅತ್ತಿಗೆ

ಬಾಯಿಪಾಠದಲ್ಲಿ ನಮ್ಮ ಅತ್ತಿಗೆಯವರಿಗೆ ಚಿಕ್ಕಂದಿನಿಂದಲೂ ಎದುರಾಳಿಗಳಿರಲಿಲ್ಲ. ಅರ್ಥವಾಗಲಿ ಬಿಡಲಿ, ಒಮ್ಮೆ ನುಂಗಿದ ಪಾಠವನ್ನು ಅಲ್ಪವಿರಾಮದ ಸಮೇತ ಒಪ್ಪಿಸಿಬಿಡುತ್ತಿದ್ದರು. ಹಲ್ಲಿನ ಸೆಟ್ಟು ಮಾಡುವ ಕಸುಬಿನಲ್ಲಿ ಅರ್ಧ ಆಯಸ್ಸು ಸವೆಸಿದ ಮೇಲೆ, ಅದರಲ್ಲೇ ಹೊಸ ಬಗೆಯ ಕೆಲಸ ಕಲಿಯಲೆಂದು ಅವರು ಪರದೇಶಕ್ಕೆ ಹೊರಟರು. ಈ ಬಾಯಿಪಾಠದ ವಿದ್ಯೆಯೇ ಅಲ್ಲಿ ಬೆನ್ನಿಗೆ ಬೀಳುತ್ತದೆಂದು ಯಾರಿಗೆ ಗೊತ್ತಿತ್ತು?

ಅಲ್ಲಿನ ನಿಯಮ ಸರಳ. ಹಗಲು ಕಾರ್ಯಾಗಾರ, ಸಂಜೆ ಭಾಷೆಯ ತರಗತಿ. ತಮ್ಮ ತರಗತಿಯ ಭಾಷಾ ಪರೀಕ್ಷೆಯಲ್ಲಿ ಫೇಲಾದವರು ಹಲ್ಲಿನ ಆಸೆ ಬಿಟ್ಟು ಪೆಟ್ಟಿಗೆ ಕಟ್ಟಬೇಕು.

ಯಾರನ್ನು ಯಾವ ತರಗತಿಯಲ್ಲಿ ಕೂರಿಸಬೇಕೆಂದು ನೋಡಲು ಟೀಚರಮ್ಮ, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಎಂದರು. ಊರಿನ ಟ್ಯೂಷನ್ ಮೇಷ್ಟ್ರು ಆ ದೇಶದ ಭಾಷೆಯಲ್ಲೇ ಬರೆದುಕೊಟ್ಟಿದ್ದ ಭಾಷಣ ನಿಲ್ದಾಣವಿಲ್ಲದ ರೈಲಿನಂತೆ ಹೊರಟಿತು. ಅದರಲ್ಲಿ ಬಾಲ್ಯವಿತ್ತು, ಕಸುಬಿನ ಗೌರವವಿತ್ತು, ಮನುಷ್ಯನ ನಗೆಯ ಮೇಲೆ ಸುಭಾಷಿತವಿತ್ತು. ಮೇಷ್ಟ್ರು ಗುರುತು ಹಾಕಿದ್ದ ಜಾಗದಲ್ಲಿ ಒಂದು ನಿಟ್ಟುಸಿರೂ ಇತ್ತು. ಟೀಚರಮ್ಮ ಎರಡನೆಯ ಪ್ರಶ್ನೆಯ ಗೋಜಿಗೇ ಹೋಗಲಿಲ್ಲ. ಅತ್ತಿಗೆಗೆ ಮೇಲಿನ ಮಹಡಿಯಲ್ಲಿ ಪಟ್ಟಾಭಿಷೇಕವಾಯಿತು.

ಮೇಲಿನ ಮಹಡಿಯೆಂದರೆ ಪಂಡಿತರ ಸೀಮೆ. ಅಲ್ಲಿ ನಗರದ ಏಕಾಂತ, ಯಂತ್ರಗಳ ಒಳಿತು ಕೆಡುಕು ಎಂದೆಲ್ಲ ವಾದ ನಡೆಯುತ್ತಿತ್ತು. ಅತ್ತಿಗೆ ಕಿಟಕಿ ಪಕ್ಕದ ಬೆಂಚಿನಲ್ಲಿ, ಬೆರಳಿಗಂಟಿದ ಮೇಣ ಕೆರೆಯುತ್ತ ಕೂರುತ್ತಿದ್ದರು. ಟೀಚರಮ್ಮ ಇತ್ತ ತಿರುಗಿದರೆ ಭಾಷಣದಿಂದ ಕಿತ್ತ ಒಂದು ತುಂಡು ಸಿದ್ಧವಿರುತ್ತಿತ್ತು: "ಸತ್ಯ ಎರಡೂ ಕಡೆ ಇದೆ." ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರೆ, ಅಷ್ಟಕ್ಕೇ ಮುಚ್ಚಿದ್ದರಿಂದ ಇವರ ಬಣ್ಣ ಇನ್ನೂ ಏರಿತು. ಸಹಪಾಠಿಗಳು "ಜ್ಞಾನಿ" ಎಂದು ಹೆಸರಿಟ್ಟರು. ಜ್ಞಾನಿಗೆ ಮಾತ್ರ ದಿನವೂ ತಲೆಯೊಳಗೆ ಹಿಟ್ಟಿನ ಗಿರಣಿ ಓಡಿದಂತಾಗುತ್ತಿತ್ತು. ಬಾಡಿಗೆ ಕೋಣೆಗೆ ಬಂದರೆ ಚಪ್ಪಲಿ ಬಿಚ್ಚುವ ಮೊದಲೇ ಮಂಚಕ್ಕೆ ಒರಗುತ್ತಿದ್ದರು.

ಪರೀಕ್ಷೆ ಹತ್ತಿರವಾದಾಗ ನಮ್ಮಣ್ಣನಿಗೆ ಫೋನ್ ಮಾಡಿದರು.

"ರೀ, ಇವರು ಆಡೋದು ಒಂದಕ್ಷರ ತಲೆಗೆ ಹೋಗ್ತಿಲ್ಲ. ಫೇಲಾದ್ರೆ ವಾಪಸ್ಸೇ."

"ಕೆಳಗಿನ ಕ್ಲಾಸಿಗೆ ಹಾಕಿ ಅಂತ ಕೇಳ್ಬಾರ್ದಾ?"

"ಯಾವ ಬಾಯಲ್ಲಿ ಕೇಳ್ಲಿ? ಕೇಳೋಷ್ಟು ಭಾಷೆ ಬಂದಿದ್ರೆ ಈ ಕ್ಲಾಸಲ್ಲೇ ಇರ್ತಿದ್ನಲ್ಲ."

"ಮೇಷ್ಟ್ರ ಹತ್ರ ಬರೆಸಿ ಕಳಿಸ್ತೀನಿ, ಬಾಯಿಪಾಠ ಮಾಡು. ನಿಂಗೇನು ಅದು ಹೊಸದಾ?"

ನಮ್ಮಣ್ಣನ ಬುದ್ಧಿ ಯಾವತ್ತೂ ಹೀಗೇ, ಬೆಂಕಿ ಬಿದ್ದ ಮನೆಗೆ ಒಳ್ಳೆಯ ಸೀಮೆಎಣ್ಣೆ ಹುಡುಕಿ ತರುವಂಥದ್ದು.

ಅತ್ತಿಗೆ ಟೀಚರಮ್ಮನ ಮೇಜಿನ ಮುಂದೆ ನಿಂತು ಮೇಷ್ಟ್ರು ಬರೆದು ಕಳಿಸಿದ ಬಿನ್ನಹ ಒಪ್ಪಿಸಿದರು. "ತಮ್ಮ ಭಾಷೆಯ ಮಹಾಸಾಗರದಲ್ಲಿ ಇನ್ನೂ ಪಾದವನ್ನೂ ನೆನೆಸದವಳು ನಾನು" ಎಂದು ಶುರುವಾದದ್ದು ನಿಟ್ಟುಸಿರಿನ ಜಾಗಕ್ಕೆ ಬರುವಷ್ಟರಲ್ಲಿ ಟೀಚರಮ್ಮನ ಕಣ್ಣು ತೇವವಾಗಿತ್ತು. ಇಷ್ಟು ಚೆನ್ನಾಗಿ ಮಾತಾಡುವವರಿಗೆ ಎಂಥ ವಿನಯ ಎಂದು ಬೆನ್ನು ತಟ್ಟಿ, ಮರುದಿನದ ಚರ್ಚೆಗೆ ಇವರನ್ನೇ ಮೊದಲ ಭಾಷಣಕಾರರನ್ನಾಗಿ ಮಾಡಿದರು. ಬೋರ್ಡಿನ ಮೇಲೆ ತಮ್ಮ ಹೆಸರು ಕಂಡಾಗಲೇ ಅತ್ತಿಗೆಗೆ ವಿಷಯ ತಿಳಿದದ್ದು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದೆಂದರೆ ಇದೇ.

ಮರುದಿನ ಹಗಲೆಲ್ಲ ಪ್ಲಾಸ್ಟರ್ ದವಡೆಗಳ ಮೇಲೆ ಮೇಣ ಕರಗಿಸಿ ಹಲ್ಲು ಕೂರಿಸಿ, ಉರಿಯುವ ಕಣ್ಣು ಉಜ್ಜಿಕೊಳ್ಳುತ್ತ, ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಟೀಚರಮ್ಮ "ಹೇಳಿ" ಎಂದರು. ಅತ್ತಿಗೆ "ಸತ್ಯ..." ಎಂದು ಶುರು ಮಾಡಿದರು. ಎರಡೂ ಕಡೆ ಏನೂ ಸಿಗಲಿಲ್ಲ. ದಣಿವಿಗೆ ಬಾಯಿಪಾಠವೆಲ್ಲ ಎಲ್ಲೋ ಉದುರಿಹೋಗಿತ್ತು. ಬಸ್ಸಿನಲ್ಲಿ, ಅಂಗಡಿಯಲ್ಲಿ ಹೆಕ್ಕಿಕೊಂಡಿದ್ದ ಚೂರುಪಾರುಗಳು ಮಾತ್ರ ತಾವಾಗಿ ಹೊರಬಿದ್ದವು.

"ಮೇಡಂ, ನಾನು ಭಾಷೆ ಇಲ್ಲ. ಹಲ್ಲು ಇದೆ. ಮುಂಚೆ ಮಾತು, ಬೇರೆ ಮನುಷ್ಯ ಬರೆದ. ನಾನು ಸುಸ್ತು. ಕೆಳಗೆ ಹೋಗು ಬೇಕು."

ಹಿಂದಿನ ಬೆಂಚಿನಲ್ಲಿ ಯಾರೋ ನಗಲು ಹೊರಟು ಕೆಮ್ಮಿದರು. ಟೀಚರಮ್ಮ ತಾವೇ ಅತ್ತಿಗೆಯ ಚೀಲ ಎತ್ತಿಕೊಂಡು ಮೆಟ್ಟಿಲಿಳಿದರು. ಅತ್ತಿಗೆ ಹಿಂದೆ ಹಿಂದೆ, ಗೋಡೆ ಹಿಡಿದುಕೊಂಡು.

ಆ ದಿನ ಫೋನ್ ಬಂದಾಗ ನಾವೆಲ್ಲ ಸುತ್ತ ಸೇರಿದೆವು.

"ಏನಾಯ್ತೇ?" ಎಂದ ಅಣ್ಣ.

"ಇಳಿಸಿದ್ರು."

"ಪರೀಕ್ಷೆ?"

"ಕೆಳಗಿನದ್ದೇ ಬರೆದ್ರೆ ಸಾಕಂತೆ. ಮೇಜು, ಲೋಟ, ಬಾಗಿಲು. ಪಾಸಾಗ್ತೀನಿ ಬಿಡಿ."

"ಇವತ್ತೇನು ಹೇಳ್ಕೊಟ್ರು?"

"ಕುರ್ಚಿ."

"ಅಷ್ಟೇನಾ?"

"ಅಷ್ಟೇ. ಕೂತ್ಕೊಳ್ಳಿ ಅಂದ್ರು. ಅರ್ಥ ಆಯ್ತು. ಕೂತೆ." ದೊಡ್ಡದೊಂದು ಆಕಳಿಕೆ ಕೇಳಿಸಿತು. "ನಿದ್ದೆ ಬರ್ತಿದೆ, ಇಡ್ತೀನಿ. ಮೇಷ್ಟ್ರಿಗೆ ಹೇಳಿ, ಇನ್ನೇನೂ ಬರೆಯೋದು ಬೇಡ ಅಂತ."