ಚಿಗವ್ವನ ದಡಿಗಳು, ನಾನು ಕಡಿದ ಹಾಸು

ನೇಕಾರರ ಮನೆಯಲ್ಲಿ ಹುಟ್ಟಿಯೂ ನೇಕಾರರ ಮನೆಯ ಯಾವ ಮಕ್ಕಳೂ ಮಾಡದ ತಪ್ಪನ್ನು ನಾನು ಮಾಡಿದೆ. ಮಗ್ಗದಲ್ಲಲ್ಲ, ಕಂಪ್ಯೂಟರಿನಲ್ಲಿ.

ಇಳಕಲ್ಲಿನಲ್ಲಿ ನನ್ನನ್ನು ಸಾಕಿದವಳು ಚಿಗವ್ವ, ಅವ್ವನ ತಂಗಿ. ಸೀರೆಯ ದಡಿಗೆ, ಅಂದರೆ ಅಂಚಿಗೆ, ಬೇಕಾದ ಚಿತ್ರಗಳನ್ನು ಅವಳೇ ಕಟ್ಟುತ್ತಿದ್ದಳು. ಚೌಕಳಿ ಕಾಗದದ ಮೇಲೆ ಬರೆಯುವುದು, ಅಳಿಸುವುದು, ಕಾಗದ ಹರಿಯುವುದು. ನೋಡಲಾರದೆ ನಾನು ಪೈಥಾನ್ ಭಾಷೆಯಲ್ಲಿ ಸಣ್ಣದೊಂದು ಪ್ರೋಗ್ರಾಂ ಬರೆದುಕೊಟ್ಟೆ. ಪರದೆಯ ತುಂಬ ಚೌಕಗಳು, ಪಕ್ಕದಲ್ಲಿ ಬಣ್ಣಗಳು. ಒತ್ತಿದ ಚೌಕಕ್ಕೆ ಬಣ್ಣ ತುಂಬುತ್ತದೆ, ಅಷ್ಟೇ. "ಭಾಳ ಛಲೋ ಆತು ನೋಡು, ರಬ್ಬರಿನ ಕಾಟ ತಪ್ಪಿತು" ಎಂದು ಕೂತವಳು ಕೆಲವೇ ವರ್ಷಗಳಲ್ಲಿ ನಲವತ್ತು ದಡಿ ತುಂಬಿದಳು. ಕಾಗದವನ್ನು ಬಿಟ್ಟೇಬಿಟ್ಟಳು; ನೇಯ್ದ ಸೀರೆಗಳು ಮಾರಿಹೋಗುತ್ತಿದ್ದವು.

ಆಮೇಲೆ ಅವಳ ಕಣ್ಣಿನ ನರ ಸೊರಗತೊಡಗಿತು. ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದರು ಡಾಕ್ಟರು. ದವಾಖಾನೆಯ ಮೆಟ್ಟಿಲಿಳಿಯುತ್ತಾ ಚಿಗವ್ವ ಹೇಳಿದಳು, "ಕಣ್ಣು ಇರೂದ್ರಾಗ ನನ್ನ ದಡಿ ಎಲ್ಲಾ ಒಮ್ಮೆ ನೋಡಿಬಿಡ್ತೇನಿ. ದೊಡ್ಡದಾಗಿ ಕಾಣೂ ಹಂಗ ಮಾಡಿಕೊಡು."

ಅಗಲ ಪರದೆಯ ಹೊಸ ಕಂಪ್ಯೂಟರ್ ತಂದೆ. ದಡಿಗಳ ಫೈಲುಗಳನ್ನು ಅದಕ್ಕೆ ತುಂಬಿಕೊಂಡು, ಹಳೆಯದನ್ನು ಪೂರ್ತಿ ಅಳಿಸಿ, ಓಣಿಯ ಸಾಲೆಗೆ ಕೊಟ್ಟು ಬಂದೆ. ಎಲ್ಲವೂ ಒಂದೇ ದಿನ. ನನ್ನ ಚುರುಕುತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಮರುದಿನ ಹೊಸ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಏಳಲಿಲ್ಲ.

ಚಿಗವ್ವನಿಗೆ ಹೇಳಿದಾಗ ಅವಳು ಬೈಯಲಿಲ್ಲ. ಊರಿಗೆ ಹೊಸಬಳನ್ನು ಕೇಳಿದಂತೆ ಕೇಳಿದಳು, "ಹೊಸಾದು ಜೋಡಸೂಕಿಂತ ಮೊದಲ ಹಳೇ ಹಾಸು ಕಡದಿ?"

ನಮ್ಮಲ್ಲಿ ಹಾಸನ್ನು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳನ್ನು, ತುದಿಯವರೆಗೆ ನೇಯುವುದಿಲ್ಲ. ಗೇಣುದ್ದ ಮಗ್ಗದಲ್ಲೇ ಬಿಟ್ಟು, ಆ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಒಳಗೆ ಎಳೆದುಕೊಳ್ಳುತ್ತೇವೆ. ಹಳೆಯದು ಹೊಸದಕ್ಕೆ ದಾರಿ ತೋರಿಸುತ್ತದೆ. ಇದನ್ನು ನಾನು ನಡೆಯಲು ಕಲಿಯುವ ಮೊದಲೇ ನೋಡಿದ್ದೆ. ನಾಚಿಕೆಯಿಂದ ಸತ್ತೇಹೋದೆ.

ಕೆಲಸ ಇಷ್ಟು. ಪರದೆಯ ಮೇಲೆ ಕಿಟಕಿ, ಗುಂಡಿ, ಬಣ್ಣ ಬಿಡಿಸುವ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ಕಟ್ಟು, ಬೇರೊಂದು ಭಾಷೆಯದು. ಅದರ ಮಾತು ಪೈಥಾನಿಗೆ ತಿಳಿಯಲು ನಡುವೆ ಬೈಂಡಿಂಗ್ ಬೇಕು; ನಮ್ಮ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕುತ್ತಾರಲ್ಲ, ಹಾಗೆ. ನನ್ನ ಹಳೆಯ ಪ್ರೋಗ್ರಾಮಿಗೆ ಬೇಕಾದ ಬೈಂಡಿಂಗ್ ಹೊಸ ಕಂಪ್ಯೂಟರಿಗೆ ಸಿದ್ಧವಾಗಿ ಸಿಗುತ್ತಿರಲಿಲ್ಲ. ಅದರ ಮೂಲ ಕೋಡಿನಿಂದ ನಾನೇ ಕಟ್ಟಬೇಕಿತ್ತು, ಬಿಲ್ಡ್ ಮಾಡಬೇಕಿತ್ತು. ಕಟ್ಟುವ ಮೊದಲು ಲೈಬ್ರರಿ ಎಲ್ಲಿದೆ, ಪೈಥಾನ್ ಎಲ್ಲಿದೆ, ಯಾವುದು ಎಷ್ಟನೆಯ ಆವೃತ್ತಿ ಎಂದೆಲ್ಲ ಕಾನ್ಫಿಗರ್ ಮಾಡಬೇಕು.

ನಾನು ವಿದ್ಯಾಗಿರಿಯ ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುವವಳು. ಊಟದ ಬಿಡುವಿನಲ್ಲಿ ಅಲ್ಲಿ, ರವಿವಾರ ಇಳಕಲ್ಲಿನಲ್ಲಿ, ಎರಡು ತಿಂಗಳು ಇದೇ ಆಯಿತು. ಹಳೆಯ ಲೈಬ್ರರಿಯ ದಾರಿ ಬರೆದುಕೊಟ್ಟರೂ ಆ ಹಾಳಾದ ಬೈಂಡಿಂಗ್ ಹೊಸದನ್ನೇ ಹೋಗಿ ತಬ್ಬಿಕೊಳ್ಳುತ್ತಿತ್ತು. ಅದನ್ನು ದಾರಿಗೆ ತಂದರೆ ಮುಕ್ಕಾಲು ತಾಸು ಬಿಲ್ಡ್ ಓಡಿ ಕೊನೆಯಲ್ಲಿ ಕುಸಿಯುತ್ತಿತ್ತು. ಒಮ್ಮೆ ಇಳಕಲ್ಲಿಗೆ ಹೋಗುವಾಗ ಹುನಗುಂದದಲ್ಲಿ ಬಸ್ಸು ನಿಂತಾಗ ತಪ್ಪುಗಳ ಪಟ್ಟಿಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದೆ. "ಯಾರದರೆ ಜಾತಕ ಏನ್ರಿ?" ಎಂದಳು ಪಕ್ಕದ ಹೆಂಗಸು. "ಹೌದ್ರಿ, ಕೂಡಿ ಬರವಲ್ದು" ಎಂದೆ. ಇಬ್ಬರೂ ನಕ್ಕೆವು.

ಪ್ರತಿ ರವಿವಾರ ಚಿಗವ್ವ ಬಾಗಿಲಲ್ಲೇ "ಬಂತೇನು?" ಎನ್ನುತ್ತಿದ್ದಳು. ಮೊದಲು ನನ್ನ ಮುಖ ನೋಡಿ ಕೇಳುತ್ತಿದ್ದವಳು, ಬರಬರುತ್ತ ನನ್ನ ದನಿ ಬಂದ ಕಡೆ ತಿರುಗಿ ಕೇಳತೊಡಗಿದಳು.

ಕಡೆಗೊಂದು ದಿನ ಬಿಲ್ಡ್ ಮುಗಿದು ಕಿಟಕಿ ತೆರೆಯಿತು. ಚೌಕಗಳು ಬಂದವು. ದಡಿ ಬರಲಿಲ್ಲ. ಹಿಂದೆ ಪ್ರೋಗ್ರಾಂ ಬರೆದಾಗ, ದಡಿಯ ಬಣ್ಣಗಳನ್ನು ಫೈಲಿನಲ್ಲಿ ಬರೀ ಅಂಕಿಗಳಾಗಿ ಉಳಿಸದೆ, ಸೋಮಾರಿತನದಿಂದ ಆ ಲೈಬ್ರರಿಯ ರೂಪದಲ್ಲೇ ಉಳಿಸಿದ್ದೆ. ಬರೆದ ಆವೃತ್ತಿ ಬಿಟ್ಟು ಬೇರೆ ಯಾವುದೂ ಅದನ್ನು ಓದುವುದಿಲ್ಲ. ಆಗ ಇದ್ದ ಆವೃತ್ತಿ ಯಾವುದೆಂದು ಗೊತ್ತಿದ್ದದ್ದು ನಾನು ಅಳಿಸಿಕೊಟ್ಟ ಕಂಪ್ಯೂಟರಿಗೆ ಮಾತ್ರ. ಸಿಕ್ಕ ಆವೃತ್ತಿಗಳನ್ನೆಲ್ಲ ಒಂದೊಂದಾಗಿ ಕಟ್ಟಿ ನೋಡಿದೆ. ಕೆಲವು ಕಟ್ಟಲೇ ಬರಲಿಲ್ಲ, ಉಳಿದವು ಖಾಲಿ ಚೌಕ ತೋರಿಸಿದವು.

ಆ ರವಿವಾರವೂ ಪರದೆಯ ಮೇಲೆ ಖಾಲಿ ಚೌಕಗಳೇ ಇದ್ದವು. ಚಿಗವ್ವ ಗೋಡೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು.

"ಬಂತೇನು?"

ಇಲ್ಲ ಎನ್ನುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಬಂದಾವ ಚಿಗವ್ವ" ಎಂದೆ.

ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ಒಯ್ದಳು. "ಬೆಳಕಷ್ಟ ಕಾಣತೈತಿ" ಎಂದಳು. ಮುಖ ಹಿಂದೆ ತೆಗೆದು, "ಮೂರನೇ ದಡಿ ತಗಿ. ಮೂಲ್ಯಾಗಿನ ಹೂವಿಗೆ ಏನು ಬಣ್ಣ ಹಾಕೀನಿ? ನೆನಪಾಗವಲ್ದು. ನೋಡಿ ಹೇಳು" ಎಂದಳು.

ನನಗೆ ಗೊತ್ತಿರಲಿಲ್ಲ. "ಕೆಂಪು" ಎಂದೆ.

"ಕೆಂಪ?" ಅವಳ ಹಣೆ ಗಂಟಿಕ್ಕಿತು, ಆಮೇಲೆ ಸಡಿಲಾಯಿತು. "ಹಂಗಾರ ಕೆಂಪ ಇರಬೇಕು."

ಈಗ ಮನೆಗೆ ಬಂದವರಿಗೆಲ್ಲ ಚಿಗವ್ವ ಆ ದಡಿಯನ್ನು ಬಾಯಲ್ಲೇ ಬಿಡಿಸಿ ತೋರಿಸುತ್ತಾಳೆ, ಮೂಲೆಯಲ್ಲಿ ಕೆಂಪು ಹೂವು ಇಟ್ಟು.