ಅತ್ತೆಯ ಎಡಗೈ ಕೋವಿ

ಚುನಾವಣೆ ಮುಗಿದ ಮೇಲೆ ಠಾಣೆಯಿಂದ ಕೋವಿ ಬಿಡಿಸಿಕೊಂಡು ಬರಲು ಹೋಗಿದ್ದೆ. ಪ್ರತಿ ಚುನಾವಣೆಗೂ ಲೈಸೆನ್ಸು ಇರುವವರೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು, ಮುಗಿದ ಮೇಲೆ ಹೋಗಿ ತರಬೇಕು. ಒಳಗಿನ ಕೋಣೆಯ ಮೂಲೆಯಲ್ಲಿ ಸೌದೆಯ ಹಾಗೆ ಒರಗಿಸಿಟ್ಟ ಕೋವಿಗಳ ನಡುವೆ ಕಾನ್‌ಸ್ಟೇಬಲ್ಲು ಒಂದೊಂದೇ ಚೀಟಿ ಓದುತ್ತ ಹುಡುಕುತ್ತಿದ್ದರು. ನನಗೆ ಚೀಟಿ ಬೇಕಿರಲಿಲ್ಲ. ಬಾಗಿಲ ಹತ್ತಿರವೇ ಕೊಬ್ಬರಿ ಎಣ್ಣೆಯ ವಾಸನೆ ಮೂಗಿಗೆ ಬಂತು... ಬೇರೆಯವರ ಕೋವಿಗಳೆಲ್ಲ ಮಿಷಿನ್ ಎಣ್ಣೆ ನಾರುತ್ತಿದ್ದವು. ನಮ್ಮ ಅತ್ತೆ ಮಾತ್ರ ತಲೆಗೆ ಹಚ್ಚಿಕೊಳ್ಳುವ ಎಣ್ಣೆಯನ್ನೇ ಕೋವಿಯ ಮರಕ್ಕೂ ಹಚ್ಚುತ್ತಿದ್ದರು. ಅವರು ಹೋದ ಮೇಲೆ ನಾನೂ ಕೋವಿಗೆ ಅದೇ ಎಣ್ಣೆ ಹಚ್ಚುತ್ತ ಬಂದಿದ್ದೇನೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೊಳಲೂರಿನ ಹತ್ತಿರ, ತುಂಗೆಯ ಕಡೆಗೆ ಇಳಿಯುವ ಜಮೀನು ಅವರದು. ಕಬ್ಬು, ಭತ್ತ, ಬದುವಿನ ಮೇಲೆ ಒಂದಿಷ್ಟು ತೊಗರಿ. ಮಕ್ಕಳಿರಲಿಲ್ಲ. ಮಾವ ತೀರಿಕೊಂಡಾಗ, ಜಮೀನನ್ನು ಗುತ್ತಿಗೆಗೆ ಕೊಟ್ಟು ತಮ್ಮನ ಮನೆಗೆ ಬಂದುಬಿಡಿ ಎಂದು ಎಲ್ಲರೂ ಹೇಳಿದರು. ಅತ್ತೆ ಯಾರಿಗೂ ಎದುರಾಡಲಿಲ್ಲ, ಯಾರ ಮಾತನ್ನೂ ಕೇಳಲೂ ಇಲ್ಲ. ಬೆಳೆ ಕಾಯಲೆಂದು ಮಾವನ ಹೆಸರಿನಲ್ಲಿದ್ದ ಕೋವಿಯ ಲೈಸೆನ್ಸನ್ನು ಶಿವಮೊಗ್ಗಕ್ಕೆ ಅಲೆದು ಅಲೆದು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅದು ತೊಂಬತ್ತರ ದಶಕ. ನಾನು ಭದ್ರಾವತಿಯಲ್ಲಿ ಗುಮಾಸ್ತನಾಗಿ ಸೇರಿ ನ್ಯೂ ಟೌನಿನಲ್ಲಿ ಬಾಡಿಗೆಗಿದ್ದೆ. ಶನಿವಾರ ಸಂಜೆ ಬಸ್ಸು ಹತ್ತಿ ಅತ್ತೆಯ ಮನೆಗೆ ಹೋದರೆ ಸೋಮವಾರ ಬೆಳಿಗ್ಗೆ ವಾಪಸು ಬರುತ್ತಿದ್ದೆ.

ನಾನು ಹುಟ್ಟಾ ಪುಕ್ಕಲ. ಬಸ್ಸಿನ ಡ್ರೈವರು ಆಕಳಿಸಿದರೆ ನನ್ನ ನಿದ್ದೆ ಹಾರಿಹೋಗುತ್ತಿತ್ತು. ಅಂಥವನಿಗೆ, ಒಂಟಿ ಹೆಂಗಸೊಬ್ಬರು ಮನೆಯಲ್ಲಿ ಕೋವಿ ಇಟ್ಟುಕೊಂಡಿದ್ದಾರೆ ಎನ್ನುವುದೇ ಎದೆಯ ಮೇಲಿನ ಭಾರ. ಹಾಗೆಂದು ಅದು ಬೇಟೆಯ ಮನೆಯಲ್ಲ. ಮೊಟ್ಟೆಯೂ ಹೊಸಿಲು ದಾಟಿ ಬಾರದ, ದಿನಾ ಲಿಂಗಪೂಜೆಯಾಗದೆ ಒಲೆ ಉರಿಯದ ಮನೆ. ಕಬ್ಬಿನೊಳಗೆ ಹಂದಿ ನುಗ್ಗಿದಾಗ ಆಕಾಶಕ್ಕೆ ಒಂದು ಈಡು ಹೊಡೆಯುವುದು, ಅಷ್ಟೇ. ಮಾವನ ಕಾಲದಿಂದಲೂ ಆ ಕೋವಿಗೆ ಒಂದು ಇಲಿಯೂ ಬಿದ್ದಿರಲಿಲ್ಲ.

ತೊಂದರೆ ಇದ್ದದ್ದು ಅತ್ತೆಯ ಕೈಯಲ್ಲಿ. ಅವರು ಎಡಚಿ. ಕುಡುಗೋಲು, ಸೌಟು, ಸೂಜಿ ಎಲ್ಲ ಎಡಗೈಗೇ ಒಗ್ಗಿದ್ದವು. ಚಿಕ್ಕಂದಿನಲ್ಲಿ ಗಿಳಿ ಓಡಿಸುವಾಗ ಅವರು ಕವಣೆಯಲ್ಲಿ ಬೀಸಿದ ಕಲ್ಲು ಹೇಳಿದ ಕೊಂಬೆಗೇ ಹೋಗಿ ತಾಗುತ್ತಿತ್ತಂತೆ. ಊಟವನ್ನು ಮಾತ್ರ ಹೊಡೆಸಿಕೊಂಡು ಹೊಡೆಸಿಕೊಂಡು ಬಲಗೈಯಲ್ಲಿ ಕಲಿತಿದ್ದರು. ಆದರೆ ಕೋವಿಯ ವಿಷಯ ಬೇರೆ. ನಮ್ಮಲ್ಲಿ ಎಡಗೈ ಕೀಳು ಕೈಯಲ್ಲ. ಸ್ನಾನ ಮಾಡಿ, ಕೊರಳಿನ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಇಟ್ಟುಕೊಳ್ಳುವುದೇ ಎಡ ಅಂಗೈಯ ಮೇಲೆ. ಬಲಗೈ ಅದಕ್ಕೆ ವಿಭೂತಿ ಹಚ್ಚಿ ಪತ್ರೆ ಏರಿಸುತ್ತದೆ. ಲಿಂಗ ಕೂರುವ ಕೈ ಟ್ರಿಗರ್ ಎಳೆಯಬಾರದು ಎಂದು ಅವರ ಅತ್ತೆ, ಎಂದರೆ ಮಾವನ ತಾಯಿ, ಯಾವಾಗಲೋ ಹೇಳಿದ್ದರು. ಆ ಹಿರಿಯರು ಸತ್ತು ಎಷ್ಟೋ ಕಾಲವಾಗಿದ್ದರೂ ಮಾತು ಮಾತ್ರ ಮನೆಯಲ್ಲೇ ಉಳಿದಿತ್ತು. ಹಾಗಾಗಿ ಅತ್ತೆ ಕೋವಿಯನ್ನು ಬಲ ಹೆಗಲಿಗೇ ಇಟ್ಟುಕೊಂಡು ಹೊಡೆಯುತ್ತಿದ್ದರು, ಒಲ್ಲದ ಕೂಸನ್ನು ಎತ್ತಿಕೊಂಡವರ ಹಾಗೆ.

ಅದೂ ಎಂಥ ಕೋವಿ! ಹಳೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಸೀಸದ ಚರೆ ತುಂಬಿ, ಬಲಮಗ್ಗುಲಲ್ಲಿ ಕಿಡಿ ಹೊತ್ತಿಸುವ ಪುಟ್ಟ ಕೇಪು ಸಿಕ್ಕಿಸಿ, ಅದರ ಮೇಲೆ ಬಡಿಯುವ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ನಿಲ್ಲಿಸಬೇಕು. ಆ ಕುದುರೆಯ ಸ್ಪ್ರಿಂಗು ಗಂಡಸರಿಗೇ ಬಿಗಿ. ಅತ್ತೆಯ ಬಲ ಹೆಬ್ಬೆರಳಿಗೆ ಎಲ್ಲಿಯ ಶಕ್ತಿ?

ಒಂದು ಶನಿವಾರ ಬಸ್ಸು ತಡವಾಗಿ, ಹೊತ್ತು ಮುಳುಗುವ ಸಮಯಕ್ಕೆ ನಾನು ಕಬ್ಬಿನ ಗದ್ದೆಯ ಬದುವಿನ ಮೇಲೆ ಬರುತ್ತಿದ್ದೆ. ಪಂಪ್‌ಹೌಸಿನ ಹತ್ತಿರ ಅತ್ತೆ ಕೋವಿ ಹಿಡಿದು ನಿಂತದ್ದು ನನಗೆ ಕಾಣಲಿಲ್ಲ, ನಾನು ಬರುತ್ತಿರುವುದು ಅವರಿಗೂ ಕಾಣಲಿಲ್ಲ. ಢಂ ಎಂದಿತು. ಪಕ್ಕದ ಕಬ್ಬಿನ ಗರಿಗಳೆಲ್ಲ ಪಟಪಟ ಹರಿದು ನನ್ನ ತಲೆಯ ಮೇಲೆ ಬಿದ್ದವು. ನಾನು ಕೆಸರಿನಲ್ಲಿ ಕೂತುಬಿಟ್ಟೆ. ಕೋವಿ ಎತ್ತುವ ಮೊದಲೇ ಬಲ ಹೆಬ್ಬೆರಳಿನಿಂದ ಕುದುರೆ ಜಾರಿತ್ತು. ಅತ್ತೆ ಓಡಿ ಬಂದು, ನನ್ನ ತಲೆ, ಎದೆ, ಹೊಟ್ಟೆಯನ್ನೆಲ್ಲ ಎರಡೂ ಕೈಯಲ್ಲಿ ತಡವಿ ನೋಡಿದರು. ಏನೂ ಆಗಿಲ್ಲವೆಂದು ಗೊತ್ತಾದ ಮೇಲೂ ತಡವುವುದನ್ನು ನಿಲ್ಲಿಸಲಿಲ್ಲ. ಅವತ್ತು ಅವರು ಊಟ ಮಾಡಲಿಲ್ಲ, ನನಗೆ ಮಾತ್ರ ಬಡಿಸಿ ಎದುರಿಗೆ ಕೂತು ನೋಡುತ್ತಿದ್ದರು.

ಕೋವಿಯನ್ನು ಠಾಣೆಗೆ ಒಪ್ಪಿಸಿಬಿಡಿ ಎಂದು ನಾನು ಅಂಗಲಾಚಿದೆ. ಒಪ್ಪಿಸಿದರೆ ಹಂದಿಗಳು ಆ ವರ್ಷದ ಕಬ್ಬನ್ನು ಮಲಗಿಸುತ್ತಿದ್ದವು, ಜಮೀನು ಗುತ್ತಿಗೆಗೆ ಹೋಗುತ್ತಿತ್ತು, ಅತ್ತೆ ಟ್ರಂಕು ಹಿಡಿದು ನಮ್ಮ ಮನೆಯ ನಡುಮನೆಯಲ್ಲಿ ಬಂದು ಕೂರಬೇಕಾಗುತ್ತಿತ್ತು. ಒಪ್ಪಿಸದಿದ್ದರೆ ಇನ್ನೊಂದು ಸಲ ಯಾರ ತಲೆಯೋ... ಭದ್ರಾವತಿಯ ಆಫೀಸಿನಲ್ಲಿ ಫೋನು ರಿಂಗಾದಾಗಲೆಲ್ಲ ನನ್ನ ಪ್ರಾಣ ಬಾಯಿಗೆ ಬರುತ್ತಿತ್ತು. ಕೊನೆಗೆ ಅತ್ತೆಯೇ ಹೇಳಿಕಳಿಸಿದರು. ಹಳೆಯದನ್ನು ಕೊಟ್ಟು ಬೇರೆ ಕೋವಿ ತರೋಣ, ಜೊತೆಗೆ ನೀನು ಬಾ ಎಂದು.

ಶಿವಮೊಗ್ಗದ ಗಾಂಧಿ ಬಜಾರಿನ ಒಳಗೆ, ಬಟ್ಟೆ ಅಂಗಡಿಗಳ ಹಿಂದಿನ ಸಂದಿಯಲ್ಲಿ ಆಗ ಒಂದು ಕೋವಿ ಅಂಗಡಿ ಇತ್ತು. ಅತ್ತೆ ಹಳೆಯ ಕೋವಿಯನ್ನು ಜಮಖಾನದಲ್ಲಿ ಸುತ್ತಿ, ಮದುವೆ ಮನೆಗೆ ಹೊರಟವರ ಹಾಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಲೈಸೆನ್ಸು ಸೆರಗಿನಲ್ಲೇ ಇದ್ದರೂ, ಕಂಡಕ್ಟರ್ ನಮ್ಮ ಕಡೆ ನೋಡಿದಾಗಲೆಲ್ಲ ಬೆವರಿದ್ದು ನಾನು.

ಅಂಗಡಿಯ ಸಾಹೇಬರು ಮೊದಲು ತೋರಿಸಿದ್ದು ಒಂದು ರೈಫಲ್ಲು. ನೋಡಿದ ಕೂಡಲೇ ನನಗೆ ಹಿಡಿಸಿತು. ನನ್ನದು ಅಂಜುಬುರುಕನ ಲೆಕ್ಕ. ಕೋವಿಯಾದರೆ ಚರೆಗಳು ಎಲ್ಲೆಲ್ಲೋ ಚದುರುತ್ತವೆ, ರೈಫಲ್ಲಿಗೆ ಒಂದೇ ಗುಂಡು, ಅದು ಒಂದೇ ಕಡೆ ಹೋಗುತ್ತದೆ, ಹಾಗಾಗಿ ಅದೇ ಕ್ಷೇಮ ಎಂದು ವಾದಿಸಿದೆ. ಸಾಹೇಬರು ನಕ್ಕರು. ಇದರ ಗುಂಡು ನಿಮ್ಮ ಗದ್ದೆಯಲ್ಲಿ ನಿಲ್ಲುವುದಿಲ್ಲ, ಹೊಳೆ ದಾಟಿ ಆಚೆ ಊರಿನವರನ್ನು ಮಾತಾಡಿಸಿಕೊಂಡು ಬರುತ್ತದೆ ಎಂದರು. ಅಲ್ಲಿಗೆ ನನ್ನ ವಾದ ಮುಗಿಯಿತು.

ಅತ್ತೆ ಮಾತ್ರ ಆ ರೈಫಲ್ಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಪ್ರತಿ ಗುಂಡಿಗೂ ಎಳೆದು ತಳ್ಳಬೇಕಾದ ಅದರ ಹಿಡಿಕೆ ಬಲಮಗ್ಗುಲಲ್ಲಿತ್ತು. ಎಡಗಡೆಯಿಂದ ಹೊಡೆಯುವವರು ಪ್ರತಿ ಸಲವೂ ಕೈ ತೆಗೆದು ಮೇಲಿಂದ ಆಚೆಗೆ ಚಾಚಬೇಕು, ಖಾಲಿ ತೋಟಾ ಅವರ ಮೂಗಿನ ಮುಂದೆಯೇ ಹಾರುತ್ತದೆ. ಹಿಡಿಕೆ ಎಡಕ್ಕಿರುವುದು ಬರುವುದಿಲ್ಲವೇ ಎಂದು ಅತ್ತೆ ಕೇಳಿದರು. ಫಾರಿನ್ನಿನಲ್ಲಿ ಮಾಡುತ್ತಾರಂತೆ, ತಾನಂತೂ ಕಂಡಿಲ್ಲ ಎಂದರು ಸಾಹೇಬರು.

"ಯಾರಿಗಮ್ಮಾ ಎಡಗೈದು? ಇವರಿಗಾ?" ಎಂದು ನನ್ನ ಕಡೆ ನೋಡಿದರು.

ಅತ್ತೆಯ ಎಡಗಣ್ಣಿನ ಕೆಳಗೆ ಸಾಸಿವೆ ಕಾಳಿನಷ್ಟು ಒಂದು ಸುಟ್ಟ ಕಲೆ ಇತ್ತು. ಒಗ್ಗರಣೆ ಸಿಡಿದದ್ದು ಎಂದೇ ಮನೆಯವರಿಗೆಲ್ಲ ಹೇಳಿದ್ದರು. ಈಗ ಅದನ್ನು ಬೆರಳಿನಿಂದ ಮುಟ್ಟಿಕೊಂಡು, ನಿಮ್ಮ ಮಾವ ತೀರಿಕೊಂಡ ವರ್ಷ ಯಾರಿಗೂ ಕಾಣದ ಹಾಗೆ ಒಂದು ಸಲ ಎಡಗಡೆಯಿಂದ ಹೊಡೆದು ನೋಡಿದ್ದೆ, ಬಲಮಗ್ಗುಲಿನ ಕೇಪಿನ ಕಿಡಿ ಬಂದು ಇಲ್ಲಿ ಕೂತಿತು ಎಂದು ನನಗೆ ಮೆಲ್ಲಗೆ ಹೇಳಿದರು. ಅದನ್ನು ಅವರು ಶಿವ ಕೊಟ್ಟ ಶಿಕ್ಷೆ ಎಂದುಕೊಂಡಿದ್ದರು. ಲಿಂಗದ ಕೈಯಲ್ಲಿ ಟ್ರಿಗರ್ ಎಳೆದದ್ದಕ್ಕೆ. ಕೂದಲೆಳೆಯಲ್ಲಿ ಉಳಿದ ಆ ಕಣ್ಣನ್ನು ನಾನು ಪ್ರತಿ ಶನಿವಾರ ನೋಡುತ್ತಿದ್ದೆನಲ್ಲ.

ಸಾಹೇಬರು ಒಳಗಿನಿಂದ ಇನ್ನೊಂದು ತಂದರು. ಒಂಟಿ ನಳಿಗೆಯದು, ನಡು ಮುರಿದು ತೋಟಾ ತುಂಬುವಂಥದ್ದು. ಹೊರಗೆ ಕೇಪಿಲ್ಲ, ಕುದುರೆಯಿಲ್ಲ, ಸಿಡಿಯಲು ಪಕ್ಕದಲ್ಲಿ ಏನೂ ಇಲ್ಲ. ಅದಕ್ಕೆ ಎಡ ಬಲ ಎರಡೂ ಒಂದೇ. ಅತ್ತೆ ಅದನ್ನು ಮೊದಲು ಬಲಗಡೆಗೇ ಇಟ್ಟುಕೊಂಡರು, ಅಭ್ಯಾಸ. ಕೋವಿಯನ್ನು ಮೇಜಿನ ಮೇಲಿಟ್ಟು, ಸೆರಗಿನೊಳಗಿನ ಕರಡಿಗೆಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತರು. ಹೊರಗೆ ಬಜಾರಿನ ಗಲಾಟೆ. ಬೇಡ, ಮನೆಗೆ ಹೋಗೋಣ ಎನ್ನುತ್ತಾರೇನೋ ಎಂದು ನಾನು ಕಾದೆ. ಹಾಗೆ ಅನ್ನಲಿ ಎಂದೂ ಇತ್ತು, ಅನ್ನದಿರಲಿ ಎಂದೂ ಇತ್ತು.

"ಬಲಗೈಲಿ ಹೊಡ್ದು ನಿನ್ನ ಕೊಲ್ಲೋದಕ್ಕಿಂತ, ಎಡಗೈಲಿ ಹೊಡ್ದು ಶಿವನ ಹತ್ರ ಬೈಸ್ಕೊಳ್ತೀನಿ ಮಾರಾಯ," ಎಂದರು.

ಆಮೇಲೆ ಕೋವಿ ಎತ್ತಿ ಎಡಗಡೆಗೆ ಇಟ್ಟುಕೊಂಡರು. ಅಲ್ಲಿಯವರೆಗೆ ಅವರ ಹೆಗಲು, ಕತ್ತು ಎಷ್ಟು ಬಿಗಿಯಾಗಿದ್ದವು ಎನ್ನುವುದು ಅವು ಸಡಿಲವಾದಾಗಲೇ ನನಗೆ ತಿಳಿದದ್ದು. ಸಾಹೇಬರು ಬಡಗಿಯನ್ನು ಕರೆಸಿ, ಅತ್ತೆಯ ಎಡಗೆನ್ನೆ ಕೂರುವ ಕಡೆ ಮರವನ್ನು ಸ್ವಲ್ಪ ಸ್ವಲ್ಪವೇ ಕೆತ್ತಿಸಿ ಸರಿಮಾಡಿಸಿಕೊಟ್ಟರು.

ನಾನು ಹೆದರಿದ್ದು ಮಾರನೆಯ ಬೆಳಿಗ್ಗೆ. ದೇವರ ಕೋಣೆಯಲ್ಲಿ ಅತ್ತೆ ಪೂಜೆಗೆ ಕೂತಿದ್ದರು. ಲಿಂಗ ಅವರ ಬಲ ಅಂಗೈಯ ಮೇಲಿತ್ತು. ಎಡಗೈಯಿಂದ ಪತ್ರೆ ಏರಿಸುತ್ತಿದ್ದರು. ಹುಟ್ಟಿದಂದಿನಿಂದ ಯಾರೂ ಹಾಗೆ ಮಾಡಿದ್ದನ್ನು ಕಂಡವನಲ್ಲ. ಬಾಗಿಲು ಮುಂದಕ್ಕೆಳೆದು ನಿಂತೆ, ಯಾರಾದರೂ ನೋಡಿಯಾರೆಂದು.

"ಕೋವಿ ಹಿಡಿಯೋ ಕೈಗೆ ಲಿಂಗ ಕೊಡಲ್ಲ. ಅದನ್ನ ಈ ಕೈಗೆ ದಾಟ್ಸಿದೀನಿ, ಅಷ್ಟೇ," ಎಂದರು ತಿರುಗಿ ನೋಡದೆ.

ಅದನ್ನು ಮುಚ್ಚಿಡಲೂ ಇಲ್ಲ. ಮಠದ ಅಯ್ಯನವರು ಮನೆಗೆ ಬಂದಾಗ ಅತ್ತೆಯೇ ಹೇಳಿಬಿಟ್ಟರು. ಅತ್ತೆ ಕೊಟ್ಟ ಹಾಲನ್ನು ಕುಡಿಯದೆ ಅಯ್ಯನವರು ಎದ್ದು ಹೋದರು, ಬಹಳ ಕಾಲ ಆ ಮನೆಯ ಕಡೆ ಬರಲಿಲ್ಲ. ಮದುವೆ ಮನೆಗಳಲ್ಲಿ ಹೆಂಗಸರು ಅತ್ತೆಯ ಕೈ ನೋಡಿ ಪಿಸುಗುಟ್ಟುವುದು ಶುರುವಾಯಿತು. ಕೆಲವರು ಅವರಿಂದ ವಿಭೂತಿ ತೆಗೆದುಕೊಳ್ಳುವುದನ್ನು ಬಿಟ್ಟರು. ಒಂದು ಕೋವಿಗಾಗಿ ಇಷ್ಟೆಲ್ಲ ಬೇಕಿತ್ತೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಅತ್ತೆ ಮಾತ್ರ ಹಂದಿ ಬಂದ ಸಂಜೆ ಪಂಪ್‌ಹೌಸಿನ ಹತ್ತಿರ ನಿಂತು, ಎಡಗೆನ್ನೆಯನ್ನು ಮರಕ್ಕೆ ಒತ್ತಿ, ನಳಿಗೆಯನ್ನು ಆಕಾಶಕ್ಕೆ ಎತ್ತಿ ಈಡು ಹೊಡೆಯುತ್ತಿದ್ದರು. ಮತ್ತೆಂದೂ ಅದು ಕೈಜಾರಲಿಲ್ಲ. ಜಮೀನು ಕೊನೆಯವರೆಗೂ ಅವರ ಕೈಯಲ್ಲೇ ಇತ್ತು. ಆದರೂ ಬದುವಿನ ಮೇಲೆ ಬರುವಾಗ ನಾನು ದೂರದಿಂದಲೇ "ಅತ್ತೇ" ಎಂದು ಕೂಗಿಕೊಂಡೇ ಬರುತ್ತಿದ್ದೆ.

ಅವರು ಹೋದದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ, ಒಂದು ಬೇಸಗೆಯಲ್ಲಿ, ಜ್ವರ ಬಂದು. ಸಮಾಧಿಯಲ್ಲಿ ಕೂರಿಸುವ ಮುಂಚೆ ಕ್ರಿಯೆ ಮಾಡಿಸಲು ಅಯ್ಯನವರೇ ಬರಬೇಕು. ಬರುತ್ತಾರೋ ಇಲ್ಲವೋ ಎಂದು ನಾನು ದಾರಿ ನೋಡುತ್ತ ಒದ್ದಾಡಿದೆ. ಬಂದರು. ವಯಸ್ಸಾಗಿತ್ತು, ಕೋಲು ಊರಿಕೊಂಡು ಬಂದರು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನು ಇಡುತ್ತಾರೆ. ಅಯ್ಯನವರು ಕರಡಿಗೆ ಬಿಚ್ಚಿದಾಗ ನಾನು ಹತ್ತಿರ ಸರಿದೆ. ಎಡಗೈಯಲ್ಲಿ ಇಟ್ಟರೆ ಅತ್ತೆ ಇಷ್ಟು ವರ್ಷ ನಡೆಸಿದ್ದು ಏನಾಯಿತು? ಬಲಗೈಯಲ್ಲಿ ಇಡಿ ಎಂದರೆ ಸೇರಿದ ನೆಂಟರೆಲ್ಲ ಏನನ್ನುತ್ತಾರೆ? ಆದರೂ ಬಾಯಿ ಬಿಟ್ಟೆ.

"ಅಯ್ನೋರೆ, ಅತ್ತೆ ಬಲಗೈಲಿ ಹಿಡೀತಿದ್ರು."

ಅಯ್ಯನವರು ತಲೆ ಎತ್ತಲಿಲ್ಲ. ಅತ್ತೆಯ ಎಡಗೈಯನ್ನು ತಮ್ಮ ತೊಡೆಯ ಮೇಲೆ ತೆಗೆದುಕೊಂಡು, ಮಡಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಗೆಲ್ಲ ವಿಭೂತಿ ಹಚ್ಚಿದರು. ತೋರುಬೆರಳಿಗೆ ಮತ್ತೊಮ್ಮೆ ಹಚ್ಚಿದರು.

"ನಂಗೊತ್ತಪ್ಪ," ಎಂದರು. "ಇನ್ನು ಹೊಲ ಕಾಯೋ ಕೆಲ್ಸ ಇಲ್ವಲ್ಲ ಅವ್ರಿಗೆ. ಕೋವಿ ಕೆಳಗಿಟ್ಟಾಯ್ತು. ಲಿಂಗ ಅದ್ರ ಕೈಗೆ ವಾಪಸ್ ಬರ್ಲಿ."

ಎಡ ಅಂಗೈಯಲ್ಲೇ ಇಟ್ಟರು. ನಾನು ಅಲ್ಲಿಯೇ, ಎಲ್ಲರ ಎದುರಿಗೆ, ಜೋರಾಗಿ ಅತ್ತುಬಿಟ್ಟೆ.

ಜಮೀನಿನ ಜೊತೆಗೆ ಕೋವಿಯ ಲೈಸೆನ್ಸೂ ಈಗ ನನ್ನ ಹೆಸರಿಗೆ ಬಂದಿದೆ. ಠಾಣೆಯಿಂದ ತಂದ ಆ ದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಖಾಲಿ ಇದೆಯೆಂದು ಮತ್ತೆ ಮತ್ತೆ ನೋಡಿಕೊಂಡು, ಅದನ್ನು ಮೊದಲ ಸಲ ಹೆಗಲಿಗೆ ಇಟ್ಟುಕೊಂಡೆ. ನಾನು ಬಲಗೈಯವನು. ಬಲಗಡೆ ಇಟ್ಟರೆ ಅದು ನನ್ನ ಕೆನ್ನೆಗೆ ಕೂರಲೇ ಇಲ್ಲ, ಹೊರಗೆ ತಳ್ಳಿತು. ಸುಮ್ಮನೆ ಎಡಕ್ಕೆ ಇಟ್ಟುಕೊಂಡು ನೋಡಿದೆ. ಬಡಗಿ ಕೆತ್ತಿದ್ದ, ಆಮೇಲೆ ವರ್ಷಗಟ್ಟಲೆ ಒತ್ತಿ ಒತ್ತಿ ನಯವಾಗಿದ್ದ ಆ ತಗ್ಗಿನಲ್ಲಿ ನನ್ನ ಕೆನ್ನೆ ತಾನಾಗಿ ಕೂತಿತು. ಕೊಬ್ಬರಿ ಎಣ್ಣೆಯ ವಾಸನೆ ಬಂತು. ಅಭ್ಯಾಸವಿಲ್ಲದ ನನ್ನ ಎಡಗಣ್ಣಿಗೆ ನಳಿಗೆಯ ತುದಿ ಎಲ್ಲಿದೆ ಎಂದು ಕಾಣಿಸುತ್ತಿರಲಿಲ್ಲ, ಟ್ರಿಗರ್ ಕೂಡ ಎಡಗೈ ಬೆರಳಿಗೆ ಸಿಗಲಿಲ್ಲ. ಆದರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ.